ಹದಿನಾರುನೂರು ಮೀಟರ್ ಮರೆತುಬಿಡಿ

ಜನವರಿಯಲ್ಲಿ ಮುಂಬೈಗೆ ಹೋಗಿ ಪೂರ್ತಿ ಮ್ಯಾರಥಾನ್ ಓಡಿಯೇ ಬರುತ್ತೇವೆ ಎಂದು ಹಟ ತೊಟ್ಟಿದ್ದೀರಿ. ಸಂತೋಷ ಮಕ್ಕಳೇ. ಕೋಲಾರದವರು, ಮಾಲೂರಿನವರು, ಮುಳಬಾಗಿಲಿನವರು, ಶ್ರೀನಿವಾಸಪುರದವರು ಭಾನುವಾರ ಬೆಳಿಗ್ಗೆ ಒಂದೆಡೆ ಸೇರಿ ಓಡುವುದನ್ನು ಕಂಡರೆ ನನಗೆ ಎಲ್ಲಿಲ್ಲದ ಹಿಗ್ಗು. ನೀವು ಕೇಳಿಲ್ಲ, ಆದರೂ ಹೊರಡುವ ಮುಂಚೆ ಕೆಲವು ಮಾತು ನಿಮ್ಮ ಕಿವಿಗೆ ಹಾಕಬೇಕು ಅನ್ನಿಸಿದೆ. ಆಮೇಲೆ ಮಂಡಿ ಹಿಡಿದುಕೊಂಡು ಕೂತಾಗ ಹೇಳಿ ಪ್ರಯೋಜನವಿಲ್ಲ.

ನಿಮ್ಮಲ್ಲಿ ಬಹಳ ಮಂದಿ ಓಟ ಕಲಿತದ್ದು ಪೊಲೀಸ್ ಭರ್ತಿಗೆ. ನಮ್ಮ ಜಿಲ್ಲೆಯ ಯಾವ ಊರಿನ ರಸ್ತೆಗೆ ಬೆಳಗಿನ ಜಾವ ಹೋದರೂ ಕಾನ್‌ಸ್ಟೆಬಲ್ ಕೆಲಸದ ಆಸೆ ಹೊತ್ತ ಹುಡುಗರು ಸ್ಟಾಪ್‌ವಾಚ್ ಹಿಡಿದು ಓಡುತ್ತಿರುತ್ತಾರೆ. 1600 ಮೀಟರ್, ಆರೂವರೆ ನಿಮಿಷ. ಆ ಲೆಕ್ಕ ನಿಮ್ಮ ಎದೆಯಲ್ಲಿ ಕೂತುಬಿಟ್ಟಿದೆ. ಸೀಟಿ ಊದಿದ ಕೂಡಲೇ ಉಸಿರು ಬಿಗಿಹಿಡಿದು ನುಗ್ಗುವುದು, ಪಕ್ಕದವನನ್ನು ಹಿಂದೆ ಹಾಕುವುದು, ಕೊನೆಯ ಸುತ್ತಿನಲ್ಲಿ ಹಲ್ಲು ಕಚ್ಚುವುದು. ಭರ್ತಿಗೆ ಅದು ಬೇಕು. ಮ್ಯಾರಥಾನ್‌ಗೆ ಅದೇ ಶತ್ರು.

ಸುಮ್ಮನೆ ಹೇಳುತ್ತಿಲ್ಲ, ನೀವೇ ಗುಣಿಸಿ ನೋಡಿ. ಆರೂವರೆ ನಿಮಿಷಕ್ಕೆ 1600 ಮೀಟರ್ ಎಂದರೆ ಕಿಲೋಮೀಟರಿಗೆ 4 ನಿಮಿಷ 4 ಸೆಕೆಂಡು. ಅದೇ ವೇಗದಲ್ಲಿ 42.195 ಕಿಲೋಮೀಟರ್ ಓಡಿದರೆ 2 ಗಂಟೆ 51 ನಿಮಿಷ ಆಗುತ್ತದೆ. ಈಗ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರನ್ನು ನೆನೆಯಿರಿ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಬಂದವರು. ಅವರು ತೆಗೆದುಕೊಂಡದ್ದು 2 ಗಂಟೆ 50 ನಿಮಿಷ ಚಿಲ್ಲರೆ. ಆವತ್ತಿನ ದಾರಿ ಇವತ್ತಿನದಕ್ಕಿಂತ ಅರ್ಧ ಕಿಲೋಮೀಟರ್ ಉದ್ದವೂ ಇತ್ತು. ಅಂದರೆ ನೀವು ಒಂದು ಮೈಲಿಗೆ ಜೀವ ಬಿಟ್ಟು ಮುಟ್ಟುವ ವೇಗವನ್ನು ಆ ಪುಣ್ಯಾತ್ಮ ದಾರಿಯುದ್ದಕ್ಕೂ ಹಿಡಿದಿಟ್ಟುಕೊಂಡಿದ್ದರು. ಅದು ನಿಮಗೂ ನನಗೂ ಸಿಕ್ಕುವ ವೇಗವಲ್ಲ. ನೀವು ಐದು ಗಂಟೆಯಲ್ಲಿ ಮುಗಿಸಿದರೂ ದೊಡ್ಡ ಸಾಧನೆಯೇ. ಅದಕ್ಕೆ ಕಿಲೋಮೀಟರಿಗೆ ಏಳು ನಿಮಿಷದ ಮೇಲೆ ಸಿಗುತ್ತದೆ. ಆ ಏಳು ನಿಮಿಷವನ್ನು ಪೂರ್ತಿ ಬಳಸಿಕೊಳ್ಳುವುದನ್ನು ಈಗಿನಿಂದಲೇ ಕಲಿಯಿರಿ.

ನಿಧಾನಕ್ಕೆ ಅಳತೆ ಯಾವುದು ಎಂದು ಕೇಳುತ್ತೀರಿ. ಕೈಗಡಿಯಾರ ಬೇಡ, ಬಾಯಿ ಸಾಕು. ಪಕ್ಕದವನ ಜೊತೆ ಕನ್ನಡದಲ್ಲೋ ತೆಲುಗಿನಲ್ಲೋ ಒಂದು ಇಡೀ ವಾಕ್ಯವನ್ನು ಏದುಸಿರಿಲ್ಲದೆ ಹೇಳಿ ಮುಗಿಸಲು ಆಗಬೇಕು. ಮಾತು ನಡುವೆ ತುಂಡಾದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ವಾರದ ಓಟದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹೀಗೆ ಮಾತಾಡಿಕೊಂಡೇ ಸಾಗಬೇಕು. ನಾಚಿಕೆಯೇನೂ ಪಡಬೇಡಿ. ಹೃದಯ, ಶ್ವಾಸಕೋಶ, ಸ್ನಾಯುಗಳಲ್ಲಿನ ಸಣ್ಣ ರಕ್ತನಾಳಗಳು ದೂರದ ಓಟಕ್ಕೆ ಒಗ್ಗುವುದು ಇಂಥ ನಿಧಾನದ ಓಟದಿಂದಲೇ.

ಗುಂಪು ಇರುವುದೂ ಇದಕ್ಕೇ. ಒಬ್ಬೊಬ್ಬರೇ ಓಡಿದರೆ ಯಾರೂ ನಿಮ್ಮನ್ನು ತಡೆಯುವವರಿಲ್ಲ. ಗುಂಪಿನಲ್ಲಿ ತಡೆಯುವವರು ಇರಬೇಕು. ಆದರೆ ಈಗ ಭಾನುವಾರಗಳಲ್ಲಿ ನಾನು ನೋಡುತ್ತಿರುವುದು ಬೇರೆ. ಮೊದಲ ಎರಡು ಕಿಲೋಮೀಟರ್ ಒಟ್ಟಿಗೆ ಹೋಗುತ್ತೀರಿ, ಆಮೇಲೆ ಭರ್ತಿ ಹುಡುಗರು ಮುಂದೆ ಹಾರುತ್ತಾರೆ, ಅವರ ಹಿಂದೆ ನಡುವಯಸ್ಸಿನವರು ಮಾನಕ್ಕೆ ಬಿದ್ದು ಓಡುತ್ತಾರೆ, ಹೊಸದಾಗಿ ಸೇರಿದ ಟೀಚರಮ್ಮನೋ ಬ್ಯಾಂಕಿನವರೋ ಕತ್ತಲಲ್ಲಿ ಒಂಟಿಯಾಗಿ ಉಳಿಯುತ್ತಾರೆ. ಎರಡು ಭಾನುವಾರ ಹಾಗಾದರೆ ಮೂರನೆಯ ಭಾನುವಾರ ಅವರು ಬರುವುದಿಲ್ಲ. ಆದ್ದರಿಂದ ಒಂದು ಕಟ್ಟಳೆ ಮಾಡಿಕೊಳ್ಳಿ: ಪ್ರತಿ ಭಾನುವಾರ ಒಬ್ಬ ಗಟ್ಟಿ ಓಟಗಾರ ಕಟ್ಟಕಡೆಯವರ ಜೊತೆ ಓಡಬೇಕು. ಸರದಿಯ ಮೇಲೆ. ವೇಗದ ಹುಡುಗರಿಗೆ ಇದು ಶಿಕ್ಷೆಯಲ್ಲ. ಅವರಿಗೆ ಬೇಕಾಗಿರುವ ನಿಧಾನದ ಓಟ ಅವರಿಗೆ ಸಿಕ್ಕುವುದು ಇಲ್ಲೇ.

ಇನ್ನೊಂದು. ಮೈ ಒಗ್ಗುವುದರಲ್ಲಿ ಒಂದು ಮೋಸವಿದೆ. ಉಸಿರು ಬೇಗ ಒಗ್ಗುತ್ತದೆ, ಐದಾರು ವಾರದಲ್ಲಿ ಹಗುರವೆನಿಸುತ್ತದೆ. ಮೂಳೆ, ಸ್ನಾಯುರಜ್ಜು, ಹಿಮ್ಮಡಿಯ ನರ ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಹೂಂ ಅಂದಿತೆಂದು ದೂರ ಹೆಚ್ಚಿಸುತ್ತೀರಿ, ಮೊಳಕಾಲ ಮೂಳೆ ಬಿರುಕು ಬಿಡುತ್ತದೆ. ಶ್ರೀನಿವಾಸಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಾರ್ಬೈಡ್ ಹಾಕಿದ ಮಾವು ಎರಡೇ ದಿನಕ್ಕೆ ಹಳದಿಯಾಗುತ್ತದೆ, ಕೊಯ್ದು ನೋಡಿದರೆ ಒಳಗೆ ಬಿಳಿ. ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಏರಿಸಬೇಡಿ. ನಾಲ್ಕು ವಾರಕ್ಕೊಮ್ಮೆ ಇಳಿಸಿ.

ಮುಂಬೈ ಓಟ ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ. ಹದಿನೆಂಟು ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ನಡುವಿಗೆ, ಹೆಚ್ಚು ಕಡಿಮೆ ಗಣಪತಿ ಹಬ್ಬದ ಆಸುಪಾಸಿಗೆ ಬರುತ್ತೀರಿ. ಕುರುಡುಮಲೆ ಗಣಪನಿಗೆ ಕೈಮುಗಿದು ಶುರು ಮಾಡಿ, ಒಳ್ಳೆಯದೇ. ವಾರಕ್ಕೆ ನಾಲ್ಕು ದಿನ ಓಟ ಸಾಕು. ಮೂರು ದಿನ ಸಣ್ಣ ಓಟ, ಭಾನುವಾರ ಉದ್ದ ಓಟ. ಉದ್ದ ಓಟ ಹನ್ನೆರಡು ಕಿಲೋಮೀಟರಿನಿಂದ ಶುರುವಾಗಿ ಡಿಸೆಂಬರ್ ಹೊತ್ತಿಗೆ ಮೂವತ್ತು, ಹೆಚ್ಚೆಂದರೆ ಮೂವತ್ತೆರಡು ಮುಟ್ಟಲಿ. ನಲವತ್ತೆರಡನ್ನು ಮೊದಲೇ ಒಮ್ಮೆ ಓಡಿ ಪರೀಕ್ಷೆ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಬಿಲ್ಕುಲ್ ಬೇಡ ಎನ್ನಿ. ಕೊನೆಯ ಮೂರು ವಾರ ಇಳಿಮುಖ. ಆ ದಿನಗಳಲ್ಲಿ ಕಾಲು ತುರಿಸುತ್ತದೆ, ಅಯ್ಯೋ ಸಾಲದಾಯಿತೇನೋ ಎಂಬ ಭಯ ಹುಟ್ಟುತ್ತದೆ. ಹುಟ್ಟಲಿ ಬಿಡಿ. ಆಗ ಹೆಚ್ಚು ಓಡಿದವರು ದಣಿದ ಕಾಲಿನಲ್ಲೇ ಮುಂಬೈ ತಲುಪುತ್ತಾರೆ.

ಎಲ್ಲಿ ಓಡುವುದು ಎಂಬುದರ ಬಗ್ಗೆ ನನಗೆ ಹೆಚ್ಚು ಚಿಂತೆ. ಒಂದು ಮಾತು ಕಡ್ಡಾಯ: ಹೆದ್ದಾರಿ ಬೇಡ. ಬೆಂಗಳೂರಿನಿಂದ ನರಸಾಪುರ, ಕೋಲಾರ, ಮುಳಬಾಗಿಲು, ನಂಗಲಿ ದಾಟಿ ಆಂಧ್ರಕ್ಕೆ ಹೋಗುವ ಆ ಅಗಲ ರಸ್ತೆ ಓಡುವವರಿಗೆ ಆಸೆ ಹುಟ್ಟಿಸುತ್ತದೆ, ನುಣುಪಾಗಿದೆ, ನೇರವಾಗಿದೆ. ಆದರೆ ನಸುಕಿನ ಹೊತ್ತಿನಲ್ಲಿ ನರಸಾಪುರದ ಕಾರ್ಖಾನೆಗಳಿಗೆ ಪಾಳಿಯವರನ್ನು ಹೊತ್ತ ಬಸ್ಸುಗಳು, ತರಕಾರಿ ಲಾರಿಗಳು, ರಾತ್ರಿಯೆಲ್ಲ ನಿದ್ದೆಗೆಟ್ಟ ಡ್ರೈವರುಗಳು ಓಡಾಡುತ್ತಾರೆ. ಪಂಜಾಬಿನ ಫೌಜಾ ಸಿಂಗ್ ಅವರ ಹೆಸರು ಕೇಳಿದ್ದೀರಿ. 2011ರಲ್ಲಿ ಟೊರಾಂಟೊದಲ್ಲಿ, ನೂರು ವರ್ಷದ ಪ್ರಾಯದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದ ಮಹಾನುಭಾವ. 2025ರ ಜುಲೈನಲ್ಲಿ ಅವರನ್ನು ಕಳೆದುಕೊಂಡದ್ದು ಮುಪ್ಪಿನಿಂದಲ್ಲ, ಓಟದಿಂದಲ್ಲ. ತಮ್ಮದೇ ಊರಿನ ಬಳಿ ರಸ್ತೆ ದಾಟುವಾಗ ವಾಹನ ಬಡಿದು. ಈ ಸುದ್ದಿ ಓದಿದ ದಿನದಿಂದ ನಿಮ್ಮನ್ನು ನೆನೆದಾಗಲೆಲ್ಲ ನನಗೆ ರಸ್ತೆಯದೇ ದಿಗಿಲು. ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿ, ಒಬ್ಬರ ಹಿಂದೆ ಒಬ್ಬರು. ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬೇಡಿ. ಮೈಮೇಲೆ ಮಿಂಚುವ ಪಟ್ಟಿ ಇರಲಿ, ಹಣೆಯ ಮೇಲೆ ಟಾರ್ಚ್ ಇರಲಿ.

ಹಾಗಾದರೆ ಒಳ್ಳೆಯ ದಾರಿ ಯಾವುದು? ನಮ್ಮಷ್ಟು ಭಾಗ್ಯವಂತರು ಇಲ್ಲ. ಕೋಲಾರದಲ್ಲಿ ಕೆರೆ ಏರಿಗಳಿವೆ. ಒಂದು ಕಾಲಕ್ಕೆ ಈ ಕೆರೆಗಳು ಬಿರುಕು ಬಿಟ್ಟ ಬಯಲುಗಳಾಗಿದ್ದವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರದ ಕೆರೆಗೆ ಹರಿಯಿತು, ಅಲ್ಲಿಂದ ಒಂದೊಂದೇ ಕೆರೆ ತುಂಬುತ್ತ ಬಂತು. ಆ ನೀರು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಟ್ಟದ್ದು, ಬೆವರಿದಿರಿ ಎಂದು ಮುಖ ತೊಳೆಯಲು ಇಳಿಯಬೇಡಿ. ಆದರೆ ಏರಿಯ ಮಣ್ಣು ಕಾಲಿಗೆ ಟಾರಿಗಿಂತ ಎಷ್ಟೋ ಹಿತ. ಅಲ್ಲಿ ಹಾವಿನ ಭಯ ಉಂಟು, ಬೆಳಕು ಮೂಡಿದ ಮೇಲೆ ಹೋಗಿ. ಅಂತರಗಂಗೆಯ ಮೆಟ್ಟಿಲು ಹತ್ತಿ ತೇರಹಳ್ಳಿ ಕಡೆಗೆ ಹೋಗುವುದು ತೊಡೆಗೆ ಬಲ ತರುತ್ತದೆ. ಹದಿನೈದು ದಿನಕ್ಕೊಮ್ಮೆ ಸಾಕು. ಹತ್ತುವಾಗ ಓಡಿ, ಇಳಿಯುವಾಗ ದಯವಿಟ್ಟು ನಡೆಯಿರಿ. ಮಂಡಿ ಹಾಳಾಗುವುದು ಇಳಿಜಾರಿನಲ್ಲಿ.

ಮುಳಬಾಗಿಲಿನವರಿಗೆ ಆವಣಿ ರಸ್ತೆಗಿಂತ ಬೇರೆ ಬೇಕೆ? ಬಂಡೆಗುಡ್ಡಗಳ ನಡುವೆ ಏರಿಳಿಯುತ್ತ ಹೋಗುವ ದಾರಿ. ಲವಕುಶರು ಹುಟ್ಟಿ ಆಡಿದ ಜಾಗ ಎಂದು ಜನ ನಂಬಿರುವ ಬೆಟ್ಟ ಎದುರಿಗೇ ಕಾಣುತ್ತಿರುತ್ತದೆ. ಅಲ್ಲಿ ಓಡಿದವರಿಗೆ ಮುಂಬೈಯ ಪೆಡ್ಡರ್ ರಸ್ತೆಯ ಏರು ಹೆದರಿಕೆ ಹುಟ್ಟಿಸುವುದಿಲ್ಲ. ಆ ಏರು ಬರುವುದು ಓಟದ ಕೊನೆಯ ಭಾಗದಲ್ಲಿ, ಕಾಲು ಸೋತ ಮೇಲೆ. ಅದಕ್ಕೇ ಆವಣಿಯಲ್ಲಿ ಏರನ್ನು ಉದ್ದ ಓಟದ ಕೊನೆಗೆ ಬರುವಂತೆ ಇಟ್ಟುಕೊಳ್ಳಿ.

ಮಾಲೂರಿನವರು ಇಟ್ಟಿಗೆ ಗೂಡುಗಳ ಕಡೆಯ ರಸ್ತೆ ಬಿಡಿ. ಬೆಳಗಿನ ಮಂಜಿನಲ್ಲಿ ಹೊಗೆ ಕೆಳಗೇ ಕೂತಿರುತ್ತದೆ. ಓಡುವಾಗ ಕುಳಿತವರಿಗಿಂತ ಹತ್ತು ಪಟ್ಟಿನ ಹತ್ತಿರ ಗಾಳಿ ಎಳೆದುಕೊಳ್ಳುತ್ತೀರಿ, ಹೊಗೆಯನ್ನೂ ಅಷ್ಟೇ. ಟೇಕಲ್ ಕಡೆ, ಶಿವಾರಪಟ್ಟಣದ ಕಡೆ ಒಳರಸ್ತೆಗಳಿವೆ, ನೀಲಗಿರಿ ತೋಪುಗಳ ನಡುವೆ ಬಂಡಿದಾರಿಗಳಿವೆ. ಶ್ರೀನಿವಾಸಪುರದಲ್ಲಿ ಮಾವಿನ ತೋಪುಗಳ ನೆರಳಿನ ರಸ್ತೆ ಇದ್ದೇ ಇದೆ. ಮೇ ಕೊನೆಯಿಂದ ಜುಲೈವರೆಗೆ ಮಾತ್ರ ಮಂಡಿಗೆ ಹೋಗುವ ಟ್ರಾಕ್ಟರುಗಳಿಗೆ ದಾರಿ ಬಿಟ್ಟುಕೊಡಿ. ಎಷ್ಟೋ ಟ್ರಾಕ್ಟರಿಗೆ ಹಿಂದಿನ ದೀಪವೇ ಇರುವುದಿಲ್ಲ.

ನವೆಂಬರ್, ಡಿಸೆಂಬರಿನಲ್ಲಿ ಇನ್ನೊಂದು ಬರುತ್ತದೆ. ರಾಗಿ ಕೊಯ್ಲು ಮುಗಿದು ತೆನೆಯನ್ನು, ಹುರುಳಿಯನ್ನು ಟಾರು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಕಣ ಮಾಡುವವರು ಕಡಿಮೆಯಾದರು, ರಸ್ತೆಯೇ ಕಣವಾಯಿತು. ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ನೀವು ನಿಲ್ಲಬೇಡಿ. ಕಾಳಿನ ಮೇಲೆ ಕಾಲಿಟ್ಟರೆ ನಿಮ್ಮ ಕಾಲೂ ಜಾರುತ್ತದೆ, ಒಂದು ಮನೆಯ ವರ್ಷದ ಅನ್ನವನ್ನು ತುಳಿದ ಹಾಗೂ ಆಗುತ್ತದೆ. ಸುತ್ತಿ ಹೋಗಿ. ಅಲ್ಲಿರುವ ಅಜ್ಜಿಗೆ ಒಂದು ನಮಸ್ಕಾರ ಹೇಳಿ. ನಾಳೆ ನಿಮಗೆ ಆ ಹಳ್ಳಿಯಲ್ಲಿ ನೀರು ಕೊಡುವವಳೂ, ನಾಯಿ ಗದರಿಸುವವಳೂ ಅವಳೇ. ನಾಯಿ ಅಂದೆನಲ್ಲ, ಅಟ್ಟಿಸಿಕೊಂಡು ಬಂದರೆ ಓಡಬೇಡಿ, ನಿಂತುಬಿಡಿ, ಮೆಲ್ಲಗೆ ನಡೆದು ದಾಟಿ. ಕಚ್ಚಿದರೆ, ಗೀರಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿ. ಅರಿಶಿನ ಮೆತ್ತಿಕೊಂಡು ಕಾಯುವ ವಿಷಯವಲ್ಲ.

ಊಟದ ವಿಷಯಕ್ಕೆ ಬರೋಣ. ಪುಡಿ ಡಬ್ಬಗಳಿಗೆ ಸಾವಿರಗಟ್ಟಲೆ ಸುರಿಯುತ್ತಿದ್ದೀರಿ ಎಂದು ಕೇಳಿದೆ. ನಮ್ಮ ಮುದ್ದೆ, ಬಸ್ಸಾರು, ಹುರುಳಿ, ಮೊಟ್ಟೆ, ಹಾಲು ಬಿಟ್ಟು ಅದರಲ್ಲಿ ಹೆಚ್ಚಿನದು ಏನೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಮೂಳೆಗೆ ಅದಕ್ಕಿಂತ ಏನು ಬೇಕು? ಆದರೆ ಓಟದ ಹಿಂದಿನ ರಾತ್ರಿ ಮುದ್ದೆ ಬೇಡ, ಅನ್ನ ಇರಲಿ. ನಾರು ಹೆಚ್ಚಿರುವುದು ಆ ದಿನ ಹೊಟ್ಟೆಯಲ್ಲಿ ತೊಂದರೆ ಕೊಡುತ್ತದೆ. ಜನವರಿ ಎಂದರೆ ಅವರೆಕಾಯಿ ಕಾಲ ಬೇರೆ. ಮನೆಮನೆಯಲ್ಲೂ ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು. ಸಂಕ್ರಾಂತಿ ಮುಗಿದ ವಾರದೊಳಗೆ ಓಟ. ಹಬ್ಬದಲ್ಲಿ ಅಮ್ಮನಿಗೆ ಬೇಜಾರಾಗದಷ್ಟು ತಿನ್ನಿ, ಕೊನೆಯ ಎರಡು ದಿನ ಅವರೆಯ ಮುಖ ನೋಡಬೇಡಿ.

ಮೂವತ್ತನೆಯ ಕಿಲೋಮೀಟರಿನ ಹತ್ತಿರ ಗೋಡೆ ಎದುರಾಗುತ್ತದೆ ಎನ್ನುತ್ತಾರಲ್ಲ, ಅದರ ಲೆಕ್ಕ ಸುಲಭ. ಅರವತ್ತು ಕಿಲೋ ತೂಕದವರಿಗೆ ಒಂದು ಕಿಲೋಮೀಟರಿಗೆ ಸುಮಾರು ಅರವತ್ತು ಕ್ಯಾಲೊರಿ ಖರ್ಚು, ಅಂದರೆ ಇಡೀ ದಾರಿಗೆ ಎರಡೂವರೆ ಸಾವಿರ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಂಶ ಸುಮಾರು ಎರಡು ಸಾವಿರಕ್ಕೆ ಮಾತ್ರ. ಉಳಿದದ್ದನ್ನು ದಾರಿಯಲ್ಲೇ ತುಂಬಬೇಕು. ಗಂಟೆಗೆ ಮೂವತ್ತರಿಂದ ಅರವತ್ತು ಗ್ರಾಂ, ಅಂದರೆ ಒಂದು ಬಾಳೆಹಣ್ಣು ಜೊತೆಗೆ ಒಂದು ತುಂಡು ಬೆಲ್ಲ. ಹಸಿವಾದ ಮೇಲೆ ತಿಂದರೆ ತಡವಾಯಿತು, ಮೊದಲ ಗಂಟೆಯೊಳಗೇ ಶುರು ಮಾಡಿ. ಏನು ತಿನ್ನುತ್ತೀರೋ ಅದನ್ನು ಅಕ್ಟೋಬರಿನ ಭಾನುವಾರಗಳಲ್ಲೇ ತಿಂದು ಪರೀಕ್ಷೆ ಮಾಡಿ. ಮುಂಬೈಯಲ್ಲಿ ಯಾರೋ ಕೊಟ್ಟ ಹೊಸ ಜೆಲ್ ಬಾಯಿಗೆ ಹಾಕಬೇಡಿ. ಉದ್ದ ಓಟ ಮುಗಿದ ಮೇಲೆ ಮುಳಬಾಗಿಲು ದೋಸೆಗೆ ನನ್ನ ಅಡ್ಡಿ ಇಲ್ಲ, ತುಪ್ಪ ಹಾಕಿಸಿಕೊಂಡೇ ತಿನ್ನಿ.

ನೀರು ನಮ್ಮ ಜಿಲ್ಲೆಯಲ್ಲಿ ಸುಲಭದ ಮಾತಲ್ಲ. ಕೊಳವೆಬಾವಿಯ ಫ್ಲೋರೈಡ್ ಹಲ್ಲು, ಕೀಲು ತಿಂದದ್ದನ್ನು ನಿಮ್ಮ ಅಜ್ಜ ಅಜ್ಜಿಯರಲ್ಲಿ ನೋಡಿದ್ದೀರಿ. ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುವ ಓಟಗಾರ ದಾರಿಯ ತೋಟದ ಪೈಪಿಗೆ ಬಾಯಿಡಬಾರದು, ಶುದ್ಧ ನೀರಿನ ಘಟಕದಿಂದ ತುಂಬಿಸಿಕೊಂಡೇ ಹೊರಡಿ. ಹಾಗೆಂದು ಬರೀ ನೀರನ್ನೇ ಸುರಿದುಕೊಳ್ಳುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ನೋಡಿದಾಗ ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಬಹುಪಾಲು ಕಾರಣ ಅತಿಯಾಗಿ ಕುಡಿದದ್ದು. ಬಾಯಾರಿದಾಗ ಕುಡಿಯಿರಿ, ಉಪ್ಪು ಬೆಲ್ಲ ನಿಂಬೆ ಬೆರೆಸಿದ್ದನ್ನು ಕುಡಿಯಿರಿ. ಓಆರ್‌ಎಸ್ ಪೊಟ್ಟಣವಾದರೆ ಒಂದು ಲೀಟರಿಗೆ ಒಂದು, ಅರ್ಧ ಹಾಕುವುದು ಬೇಡ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ನಲವತ್ತಾರರ ವಯಸ್ಸಿನಲ್ಲಿ ಹೋದ ಮೇಲೆ ನಮ್ಮ ಮನೆಗಳಲ್ಲಿ ತಾಯಂದಿರಿಗೆ ಮಗ ಓಡುತ್ತಾನೆ ಎಂದರೇ ಎದೆ ಹೊಡೆದುಕೊಳ್ಳುತ್ತದೆ. ಆ ಭಯವನ್ನು ಹೀಗಳೆಯಬೇಡಿ. ಮೂವತ್ತೈದು ದಾಟಿದವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದವರು, ಬಿಪಿ ಸಕ್ಕರೆ ಇರುವವರು ವೈದ್ಯರ ಬಳಿ ಹೋಗಿ ಪರೀಕ್ಷೆ ಮಾಡಿಸಿಕೊಂಡು, ಅವರ ಮಾತನ್ನು ತಾಯಿಗೂ ಕೇಳಿಸಿ. ಓಡುವಾಗ ಎದೆ ಹಿಂಡಿದರೆ, ತಲೆ ತಿರುಗಿದರೆ, ಕಣ್ಣು ಕತ್ತಲೆಯಾದರೆ ಅಲ್ಲೇ ನಿಲ್ಲಿ. ಜ್ವರ ಇದ್ದಾಗ, ಡೆಂಗಿ ಮುಗಿದ ಹೊಸತರಲ್ಲಿ ಓಡಲೇಬೇಡಿ. ನೋವಿನ ಮಾತ್ರೆ ನುಂಗಿ ಓಡುವ ಚಾಳಿ ನಿಮ್ಮಲ್ಲಿ ಕೆಲವರಿಗೆ ಇದೆ, ಬಿಡಿ. ಬೆವರಿ ಒಣಗಿದ ಮೈಗೆ ಆ ಮಾತ್ರೆ ಕಿಡ್ನಿಯ ಮೇಲೆ ಏಟು. ಇನ್ನು ಬರಿಗಾಲಿನ ಹುಚ್ಚು. ಬರಿಗಾಲ ಓಟಕ್ಕೆ ಹೆಸರಾದ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ ಮ್ಯಾರಥಾನ್‌ನಲ್ಲಿ ಹನ್ನೊಂದನೆಯವರಾದರು, ನಿಜ. ಅವರ ಪಾದ ಬಾಲ್ಯದಿಂದ ಪಳಗಿದ್ದು. ನಿಮಗೆ ಒಂದು ಸಾಧಾರಣ ಒಳ್ಳೆಯ ಶೂ ಸಾಕು, ಏಳೆಂಟುನೂರು ಕಿಲೋಮೀಟರ್ ಆದ ಮೇಲೆ ಬದಲಿಸಿ.

ಗುಂಪಿಗೆ ಹೆಣ್ಣುಮಕ್ಕಳು ಬರಲು ಶುರು ಮಾಡಿದ್ದಾರೆ. ಅವರು ಬರುವುದಕ್ಕೆ ನಸುಕಿನ ಐದು ಗಂಟೆ ಕಷ್ಟ. ಮನೆಯ ಒಲೆ, ಮಕ್ಕಳ ಶಾಲೆ, ಕತ್ತಲ ದಾರಿ, ನೆರೆಮನೆಯವರ ಮಾತು. ಒಲಿಂಪಿಕ್ಸ್‌ನಲ್ಲೇ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ, ಗಂಡಸರಿಗಿಂತ ಎಂಬತ್ತೆಂಟು ವರ್ಷ ತಡವಾಗಿ. ನೀವು ಇನ್ನಷ್ಟು ತಡ ಮಾಡಬೇಡಿ. ಒಂದು ಗಂಟೆ ಮುಂದೂಡಿದರೆ ಇಬ್ಬರು ಹೆಚ್ಚು ಬರುತ್ತಾರೆ ಎಂದಾದರೆ ಮುಂದೂಡಿ. ಚೂಡಿದಾರದಲ್ಲಿ ಬಂದರೂ ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದರೂ ಯಾರೂ ಮಾತಾಡಬಾರದು. ಅವರ ಅನುಮತಿ ಇಲ್ಲದೆ ಫೋಟೊ ತೆಗೆದು ವಾಟ್ಸಾಪಿಗೆ ಹಾಕಬಾರದು. ಅವರನ್ನು ಮನೆ ತಿರುವಿನವರೆಗೆ ಬಿಟ್ಟು ಬರುವುದು ಗುಂಪಿನ ಜವಾಬ್ದಾರಿ.

ಮುಂಬೈಯಲ್ಲಿ ನಿಮಗೆ ಹೊಸದಾಗಿ ಎದುರಾಗುವುದು ಗಾಳಿ. ನಾವು ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿ, ಒಣ ತಂಪಿನಲ್ಲಿ ಓಡುವವರು. ಅಲ್ಲಿ ಕಡಲ ತೇವದಲ್ಲಿ ಬೆವರು ಆರುವುದೇ ಇಲ್ಲ, ಮೈ ಕಾಯುತ್ತ ಹೋಗುತ್ತದೆ. ಇಲ್ಲಿ ಓಡುವುದಕ್ಕಿಂತ ಕಿಲೋಮೀಟರಿಗೆ ಕಾಲು ನಿಮಿಷ ನಿಧಾನವಾಗಿ ಶುರು ಮಾಡಿ. ಮೊದಲ ಹತ್ತು ಕಿಲೋಮೀಟರ್ ಸಾವಿರಾರು ಜನ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ. ಎದೆಯ ನಂಬರ್ ಚೀಟಿಯ ಹಿಂಬದಿಯಲ್ಲಿ ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆದಿರಲಿ. ಯಾರಿಗಾದರೂ ಮಧ್ಯದಲ್ಲಿ ಆಗದೆ ಬಸ್ ಹತ್ತಬೇಕಾಗಿ ಬಂದರೆ, ಉಳಿದವರು ಮೆಡಲ್ ಹಾಕಿಕೊಂಡು ಸೆಲ್ಫಿ ತೆಗೆಯುವ ಮುಂಚೆ ಅವರನ್ನು ಹುಡುಕಿ ಪಕ್ಕದಲ್ಲಿ ಕೂರಿ.

ಸದ್ಯಕ್ಕೆ ಈ ಭಾನುವಾರ ಕೆರೆ ಏರಿಯ ಮೇಲೆ ಎಂಟು ಕಿಲೋಮೀಟರ್ ಸಾಕು, ಮಾತಾಡಿಕೊಂಡು. ಕೊನೆಯವರ ಜೊತೆ ಓಡುವ ಸರದಿ ಯಾರದು ಎಂಬುದನ್ನು ಶನಿವಾರ ಸಂಜೆಯೇ ಗೊತ್ತು ಮಾಡಿಕೊಳ್ಳಿ, ಮಾಲೂರಿನಿಂದ ಮೊದಲ ಸಲ ಬರುವವರು ಇಬ್ಬರಿದ್ದಾರೆ.